ಮೂರನೇ ಕುರ್ಚಿ

ಉಲಾನ್‌ಬಾತರಿನಲ್ಲಿ ಬೆಳಿಗ್ಗೆ ಮೈನಸ್ ಮೂವತ್ತೊಂದು.
ಪರೀಕ್ಷೆಯ ಕೋಣೆಗೆ ಬಿಡುವ ಮುನ್ನ
ನನ್ನ ಕೆಲಸ ಇಷ್ಟೇ: ಜೇಬು ನೋಡುವುದು,
ತೋಳು ಮಡಿಸಿ ಅನ್ನುವುದು,
ಕನ್ನಡಕ ತೆಗೆಸಿ ಬೆಳಕಿಗೆ ಹಿಡಿಯುವುದು,
ತುಪ್ಪಳದ ಬೂಟು ಬಾಗಿಲಾಚೆ ಬಿಡಿಸುವುದು.
ತಲೆಯೊಳಗೆ ಏನು ತಂದರೆಂದು
ನೋಡುವ ಹಾಗಿಲ್ಲ.

ಕೆಳಗೆ ಬಸ್ ನಿಲ್ದಾಣದ ಮಗ್ಗುಲಲ್ಲಿ,
ಕೈಗವಸಿನ ಅಂಗಡಿಯ ಮರೆಯಲ್ಲಿ,
ಗನ್ಸುಖ್ ಪೆನ್‌ಡ್ರೈವ್ ಮಾರುತ್ತಾನೆ.
ಕಳೆದ ವಾರದ ಪ್ರಶ್ನೆಗಳು, ಉತ್ತರ ಸಮೇತ,
ನಲವತ್ತು ಸಾವಿರ ತುಗ್ರಿಕ್.
ಅದನ್ನು ಉರು ಹೊಡೆದವರು ನನಗೆ ಗೊತ್ತಾಗುತ್ತಾರೆ:
ಪ್ರಶ್ನೆ ಪೂರ್ತಿ ಓದುವುದಿಲ್ಲ.
ಮೊದಲ ನಾಲ್ಕು ಪದ ಕಂಡರೆ ಸಾಕು,
ಬಾಣದ ಗುರುತು ಆಗಲೇ ಉತ್ತರದ ಮೇಲೆ.
ಐವತ್ತು ನಿಮಿಷ ಉಳಿಸಿ
ಹೊರಗೆ ಸಿಗರೇಟು ಹಚ್ಚುತ್ತಾರೆ.

ಸರಂಚಿಮೆಗ್ ಗುಡ್ಡದ ಗೆರ್ ಓಣಿಯಿಂದ ಬರುತ್ತಾಳೆ,
ಕೂದಲಲ್ಲಿ ಕಲ್ಲಿದ್ದಲ ಹೊಗೆ.
ಸಂತೆಯಲ್ಲಿ ಕೊಂಡ ಎರಡು ಹಳೇ ರೌಟರಂತೆ,
ಒಂದಕ್ಕೆ ಫ್ಯಾನೇ ಇಲ್ಲ.
ಬಾಗಿಲ ಬಳಿ ಇಟ್ಟರೆ ತಾನೇ ತಣ್ಣಗಿರುತ್ತದೆ ಅಂದಳು.
ಬೇಸಿಗೆಯಲ್ಲಿ? ಅಂದೆ.
ಅಷ್ಟರೊಳಗೆ ಪಾಸಾಗುತ್ತೇನೆ, ಅಂದಳು.
ಮಗ ಮಲಗಿದ ಮೇಲೆ
ತಾನೇ ಕೆಡಿಸಿ, ತಾನೇ ಸರಿಮಾಡುತ್ತಾಳೆ.
ಅವಳ ನೋಟುಪುಸ್ತಕದ ಒಂದು ಸಾಲು ನಾನು ಓದಿದ್ದೇನೆ,
ಬ್ಯಾಗು ತಪಾಸಣೆಗೆಂದು ತೆರೆದಾಗ:
‘ಇವತ್ತು ಸರಿಹೋಯಿತು, ಯಾಕೆಂದು ತಿಳಿಯಲಿಲ್ಲ.
ನಾಳೆ ಮತ್ತೆ ಕೆಡಿಸಬೇಕು.’

ನವೆಂಬರಿನಲ್ಲಿ ಹನ್ನೊಂದು ಅಂಕ ಕಡಿಮೆ ಬಿತ್ತು.
ಗನ್ಸುಖ್ ಅರ್ಧ ಬೆಲೆ ಹೇಳಿದನಂತೆ.
‘ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ’ ಅಂದಳು,
‘ಮಾದರಿಗೆಂದು ಫೋನಿನಲ್ಲಿ ಒಂದು ಪುಟ ತೋರಿಸಿದ.
ಏಳನೇ ಉತ್ತರ ತಪ್ಪಿತ್ತು.’
ಒಂದು ಗಳಿಗೆ ಸುಮ್ಮನಿದ್ದಳು.
‘ಅದು ತಪ್ಪು ಅಂತ ನನಗೆ ಗೊತ್ತಾಯಿತು, ಅಣ್ಣ.’

ನನ್ನ ಮೇಜಿನ ಹಿಂದೆ, ಗೋಡೆಯ ಮೇಲೆ,
ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು ನನ್ನದೇ.
ಆಗ ಪೆನ್‌ಡ್ರೈವ್ ಇರಲಿಲ್ಲ, ಸಿ.ಡಿ. ಇತ್ತು.
ಮೊದಲ ಕೆಲಸದಲ್ಲಿ ಮೂರನೇ ದಿನವೇ
ಒಂದು ಕಟ್ಟಡವಿಡೀ ಮಾತು ನಿಲ್ಲಿಸಿತು,
ಎಲ್ಲರೂ ನನ್ನ ಮುಖ ನೋಡುತ್ತಿದ್ದರು,
ಎ, ಬಿ, ಸಿ, ಡಿ ಎಲ್ಲೂ ಕಾಣಲಿಲ್ಲ.
ಒಂಬತ್ತು ವರ್ಷದಿಂದ ಇಲ್ಲಿ
ಬೇರೆಯವರ ಜೇಬು ನೋಡುತ್ತೇನೆ.

ಇವತ್ತು ಅವಳಿಗೆ ಮೂರನೇ ಕುರ್ಚಿ.
ಬೆರಳ ತುದಿ ಇನ್ನೂ ಮರಗಟ್ಟಿದೆ,
ಉಜ್ಜಿಕೊಳ್ಳುತ್ತಾಳೆ.
ಪ್ರಶ್ನೆಯನ್ನು ಕೊನೆಯವರೆಗೆ ಓದುತ್ತಾಳೆ.
ಮತ್ತೆ ಮೊದಲಿನಿಂದ.