ಪಕ್ಕದ ಚರ್ಮ

ಗುಳ್ಳೆ ಎದ್ದ ಜಾಗ ಮುಟ್ಟಲಿಲ್ಲ ಡಾಕ್ಟರು.
ಅದರ ಪಕ್ಕ, ಏನೂ ಆಗದೆ ಸುಮ್ಮನಿದ್ದ ಚರ್ಮದಿಂದ
ಅಕ್ಕಿಕಾಳಿನಷ್ಟು ಕಿತ್ತು ಶೀಸೆಗೆ ಹಾಕಿದರು.
ಸಾಕ್ಷಿ ಇರೋದು ಇಲ್ಲೇ, ಅಂದರು,
ಗುಳ್ಳೆಯದು ಬರೀ ಗಲಾಟೆ.

ಅದಕ್ಕೂ ಮುಂಚೆ ನಾಲ್ಕು ವರ್ಷ
ಕಜ್ಜಿ ಅಂದರು, ಭಟ್ಟಿಯ ಸೆಕೆ ಅಂದರು, ನಾಗದೋಷ ಅಂದರು.
ರಾಮನಾಥಪುರದ ಹೊಳೆಯಲ್ಲಿ ಮೀನಿಗೆ ಪುರಿ ಚೆಲ್ಲಿ ಬಂದೆ.
ಮೀನು ತಿಂದವು. ಅವಕ್ಕೆ ಒಳ್ಳೆಯದಾಗಲಿ.
ರಾತ್ರಿ ಎರಡೂ ಮೊಣಕೈ, ಎರಡೂ ಮಂಡಿ
ನೊಗ ಕಟ್ಟಿದ ಎತ್ತಿನ ಹಾಗೆ ಒಟ್ಟಿಗೇ ಏಳುತ್ತಿದ್ದವು.
ಕೂರುವ ಜಾಗದ ಮಾತು ಬೇಡ.
ಜಯಶೀಲ ಬಾಚಣಿಗೆ ಬಚ್ಚಿಟ್ಟಳು,
ಬಾಗಿಲ ಚೌಕಟ್ಟನ್ನು ಎಲ್ಲಿ ಬಚ್ಚಿಡುತ್ತಾಳೆ?

ರಿಪೋರ್ಟು ಬಂದ ದಿನ ಕೇಳಿದರು: ಕೆಲಸ ಏನು?
ಸಾಲಗಾಮೆ ರಸ್ತೆ ಬೇಕರೀಲಿ ಭಟ್ಟಿ ನೋಡ್ಕೊಳ್ತೀನಿ ಮೇಡಂ,
ಇಪ್ಪತ್ತಾರು ವರ್ಷ ಆಯ್ತು.
ಅವರು ಪೆನ್ನು ಕೆಳಗಿಟ್ಟರು.

ಗೋಧಿ, ಮೈದಾ, ರವೆ, ಶ್ಯಾವಿಗೆ.
ಹಿಂಗಿನ ಡಬ್ಬಿಯೊಳಗೂ ಕೂತಿರುತ್ತದಂತೆ ಮೈದಾ,
ಯಾರಿಗೂ ಹೇಳದೆ.
ಮುಟ್ಟಬಹುದು, ನುಂಗಬಾರದು;
ಧೂಳು ಗಂಟಲಿಗೆ ಇಳಿಯದ ಹಾಗೆ ಬಟ್ಟೆ ಕಟ್ಟಿಕೊಳ್ಳಿ.

ಔಷಧಿ ಅಂಗಡಿಯವನು ಚೀಟಿ ಓದಿ ನನ್ನ ಮುಖ ನೋಡಿದ,
ಆಮೇಲೆ ಬೆರಳು ಎಣಿಸಿದ.
ಕುಷ್ಠದವರಿಗೂ ಇದೇ ಮಾತ್ರೆಯಂತೆ.
ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ಮೇಲಿಟ್ಟ.
ಮೂರನೇ ರಾತ್ರಿ ನಿದ್ದೆ ಬಂತು ನೋಡಿ,
ಒದ್ದೆ ಬಟ್ಟೆ ಹೊದಿಸಿ ಮೂಲೆಗಿಟ್ಟ ಹಿಟ್ಟು
ಯಾರೂ ತಟ್ಟದೆ ಮಲಗಿದ ಹಾಗೆ.

ಈ ಊರಲ್ಲಿ ಕಾಯಿಲೆಯವರನ್ನು ನೋಡಲು ಹೋಗುವವರ
ಕೈಯಲ್ಲಿ ಒಂದು ಪೌಂಡು ಬ್ರೆಡ್ಡು ಇರಲೇಬೇಕು.
ಆಸ್ಪತ್ರೆ ವಾರ್ಡುಗಳಿಗೆ ಎಷ್ಟು ಸಾವಿರ ಸುಟ್ಟು ಕಳಿಸಿದ್ದೇನೋ.
ಷಡ್ಡಕ ಬಂದ ನನ್ನನ್ನು ನೋಡಲು,
ಬಸ್ಸಿಳಿದು, ಬೆವರೊರೆಸಿಕೊಂಡು, ಕವರು ಮುಂದಿಟ್ಟ.
ನಮ್ಮ ಬೇಕರಿಯದೇ.
ಇನ್ನೂ ಬೆಚ್ಚಗಿತ್ತು.
ಜಯಶೀಲ ಒಳಗೆ ಹೋಗಿ ನಕ್ಕಳೋ, ಅತ್ತಳೋ,
ಪಾತ್ರೆ ಸದ್ದಿನಲ್ಲಿ ತಿಳಿಯಲಿಲ್ಲ.

ಈಗಲೂ ನಾಲ್ಕು ಗಂಟೆಗೆ ಭಟ್ಟಿ ನನ್ನದೇ.
ಮಧ್ಯಾಹ್ನ ಡಬ್ಬಿಯಲ್ಲಿ ರಾಗಿ ಮುದ್ದೆ, ಉಪ್ಪುಸಾರು.
ಎದುರಿಗೆ ಇನ್ನೂರು ಬ್ರೆಡ್ಡು ಸಾಲಾಗಿ ಕೂತು
ನಾನು ಮುದ್ದೆ ಮುರಿಯುವುದನ್ನು ನೋಡುತ್ತವೆ.
ಬೆಂದಿದೆಯೋ ಇಲ್ಲವೋ ತಳ ತಟ್ಟಿ ಕೇಳಿದರೆ ಸಾಕು,
ಆ ಸದ್ದು ನನಗೆ ಮೋಸ ಮಾಡಿಲ್ಲ.
ರುಚಿ ಮಾತ್ರ ಇರ್ಷಾದ್ ನೋಡಬೇಕು, ಹತ್ತೊಂಬತ್ತರ ಹುಡುಗ.
ಚೆನ್ನಾಗಿದೆ ಅಣ್ಣ, ಅನ್ನುತ್ತಾನೆ.
ಹೇಗೆ ಚೆನ್ನಾಗಿದೆ, ಹೇಳೋ.
ಅವನಿಗೆ ಹೇಳಲು ಬರುವುದಿಲ್ಲ.
ಇನ್ನೊಂದು ತುಂಡು ಬಾಯಿಗಿಡುತ್ತಾನೆ,
ಅವನ ದವಡೆ ಆಡುವುದನ್ನೇ ನೋಡುತ್ತ ನಿಲ್ಲುತ್ತೇನೆ,
ಪಕ್ಕದಲ್ಲಿ.