ಹದಿನೆಂಟು ಲೀಟರ್

ಮಂಗಳವಾರ, ಶುಕ್ರವಾರ. ಹಿಮ ಬಿದ್ದರೂ ಶುಕ್ರವಾರ.
ಗುನ್ಸಾನ್ ಬಂದರಿನ ಹಿಂದಿನ ಗಲ್ಲಿ,
ಮೀನು ಒಣಗುವ ವಾಸನೆ ಮುಗಿದು
ಕೋಳಿ ಕರಿಯುವ ವಾಸನೆ ಶುರುವಾಗುವಲ್ಲಿ
ನನ್ನ ಲಾರಿ ನಿಲ್ಲುತ್ತಿತ್ತು.
ಕೆಂಪು ಡಬ್ಬ ನಾಲ್ಕು, ಒಂದೊಂದೂ ಹದಿನೆಂಟು ಲೀಟರ್.
ತಾಕ್ ಮಲ್‌ಸುನ್ ಹಿಟ್ಟಿನ ಬೆರಳಲ್ಲೇ
ರಸೀದಿಗೆ ಸಹಿ ಹಾಕುವಳು.
ಆಮೇಲೆ ಕಾಗದದ ಪೊಟ್ಟಣದಲ್ಲಿ ಕೋಳಿಯ ಎರಡು ಕಾಲು:
"ತಿನ್ನು, ದಾರಿ ಉದ್ದ ಇದೆ."
ಏಳು ವರ್ಷ ತಿಂದೆ.

ಕಂಪನಿಯ ಹೆಸರು ಕೆಂಪು ಜುಟ್ಟು.
ಬೋರ್ಡು ಅವರದು, ಬೆಲೆ ಅವರದು, ಹಿಟ್ಟಿನ ಗುಟ್ಟು ಅವರದು,
ಏಪ್ರನ್ನಿನ ಮೇಲಿನ ಹುಂಜವೂ ಅವರದು.
ಸುಟ್ಟ ಮಣಿಕಟ್ಟು ಮಾತ್ರ ಅವಳದು.

ಗುಟ್ಟೊಂದು ನನಗೂ ಗೊತ್ತಿತ್ತು.
ಕಾರ್ಖಾನೆಯ ಸರತಿಯಲ್ಲಿ ನಿಂತವನಿಗೆ ಕಾಣುತ್ತದೆ:
ಒಂದೇ ಕೊಳವೆ, ಒಂದೇ ಧಾರೆ.
ಬೆಳಿಗ್ಗೆ ಅದರ ಕೆಳಗೆ ಕೆಂಪು ಡಬ್ಬ ಸಾಗುತ್ತವೆ,
ಊಟದ ಗಂಟೆ ಹೊಡೆದ ಮೇಲೆ ಬಿಳಿಯವು.
ಬಿಳಿಗೆ ಪೇಟೆಯಲ್ಲಿ ಮೂವತ್ನಾಲ್ಕು ಸಾವಿರ ವಾನ್,
ಕೆಂಪಿಗೆ ಅರವತ್ತೊಂದು.
ಬರೀ ಬಣ್ಣಕ್ಕೆ ಇಷ್ಟು ಬೆಲೆಯೆಂದು
ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಅವಳ ಒಪ್ಪಂದದ ಮೇಲೆ ಎಣ್ಣೆ ಚೆಲ್ಲಿತಂತೆ.
ಅರವತ್ತೆರಡು ಪುಟ. ಹತ್ತೊಂಬತ್ತನೆಯದು ನೆನೆದು
ಗಾಜಾಯಿತು. ಈ ಬದಿಯ ಸಾಲುಗಳ ನಡುವಿನಿಂದ
ಆ ಬದಿಯ ಸಾಲು ತಿರುಗುಮುರುಗಾಗಿ ಎದ್ದು ಬಂತು:
ಎಣ್ಣೆ ನಮ್ಮಿಂದಲೇ. ಬೇರೆಲ್ಲಿಂದಲೂ ಅಲ್ಲ. ತಪ್ಪಿದರೆ
ಕನ್ನಡಕ ಹುಡುಕಿ ಓದಿದಳು. ಮೊದಲ ಸಲ ಓದಿದಳು.
ಓದಿ ಮುಗಿಸಿ, ಚಪ್ಪಲಿ ಮೆಟ್ಟಿ, ಪೇಟೆಗೆ ಹೋಗಿ
ಬಿಳಿ ಡಬ್ಬ ತಂದಳು.

ಮೂರು ವಾರ. ಗಿರಾಕಿ ಯಾರೂ ಮುಖ ಸಿಂಡರಿಸಲಿಲ್ಲ.
ಬಂದರಿನ ಹಮಾಲರು ಅದೇ ಕೋಳಿಗೆ ಅದೇ ಮೂಲಂಗಿ ನಂಜಿಕೊಂಡು
ಅದೇ ಹಳೇ ಜೋಕಿಗೆ ನಕ್ಕರು.
ನಾಲ್ಕನೇ ವಾರ ಇನ್ಸ್‌ಪೆಕ್ಟರ್ ಬಂದ. ಎಳೆಯ ಹುಡುಗ.
ವಾಷಿಂಗ್ ಮಷೀನಿನ ಹಿಂದೆ ಕೈ ಹಾಕಿ
ಬೆಕ್ಕಿನ ಮರಿ ಎಳೆದಂತೆ ಡಬ್ಬ ಎಳೆದ,
"ಕ್ಷಮಿಸಿ ಅಮ್ಮಾ" ಅಂದ,
ಫೋಟೋ ತೆಗೆದ.

ಸೋಲ್‌ನ ಮಧ್ಯಸ್ಥಿಕೆ ಕೋಣೆ. ಮೇಜಿನ ಮೇಲೆ ಪ್ಲಾಸ್ಟಿಕ್ ಬಿದಿರು.
ಅವರ ಕಡೆ ಮೂವರು ವಕೀಲರು.
ಅವಳ ಕಡೆ ಅವಳು, ಇಸ್ತ್ರಿ ಮಾಡಿದ ಕೋಟಿನಲ್ಲೂ ಹೋಗದ ಎಣ್ಣೆಯ ಕಮಟು,
ಮತ್ತು ಅವಳೇ ಕರೆಸಿದ ನಾನು.
"ಏಳು ವರ್ಷ ಸಾಗಿಸಿದವರು. ಹೇಳಿ,
ಎರಡೂ ಒಂದೇ ಎಣ್ಣೆಯೇ?"

ಉಂಡ ಮನೆಯ ಜಂತೆ ಎಣಿಸಬಾರದು, ಸರಿ.
ಯಾವುದು ನಾನು ಉಂಡ ಮನೆ?
ತಿಂಗಳ ಕೊನೆಗೆ ಸಂಬಳ ಹಾಕುವ ಜುಟ್ಟೋ,
ದಾರಿ ಉದ್ದ ಇದೆ ಎಂದ ಕೈಯೋ?
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ,
ಆ ಗಾದೆ ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು.
"ನಾನು ಡ್ರೈವರ್," ಅಂದೆ.
"ಡಬ್ಬ ಮುಚ್ಚಿರುತ್ತದೆ."

ಅವಳು ನನ್ನತ್ತ ನೋಡಲಿಲ್ಲ.
ಬಿದಿರಿನ ಎಲೆಯ ಮೇಲೆ ಧೂಳಿತ್ತು,
ಬೆರಳಿನಿಂದ ಒರೆಸಿದಳು. ಒಂದು ಎಲೆ. ಇನ್ನೊಂದು.

ರಾಜಿಯಾಯಿತು. ಠೇವಣಿಯಲ್ಲಿ ಅರ್ಧ ವಾಪಸ್ಸು,
ಹತ್ತು ದಿನದಲ್ಲಿ ಬೋರ್ಡು ಕೆಳಕ್ಕೆ,
ಒಂದು ವರ್ಷ, ನಾಲ್ಕು ಕಿಲೋಮೀಟರಿನೊಳಗೆ
ಅವಳು ಕೋಳಿ ಕರಿಯುವಂತಿಲ್ಲ.
ಗೆಣಸಿನ ಮಾತು ಎಲ್ಲೂ ಬರೆದಿರಲಿಲ್ಲ.

ಆ ಗಲ್ಲಿಯಲ್ಲಿ ಈಗ ನನ್ನ ಲಾರಿಗೆ ಕೆಲಸವಿಲ್ಲ.
ಆದರೂ ಮೊನ್ನೆ ಶುಕ್ರವಾರ ನಿಲ್ಲಿಸಿದೆ.
ಬೋರ್ಡಿದ್ದ ಕಡೆ ನಾಲ್ಕು ಮೊಳೆಯ ತೂತು,
ಕೆಳಗೆ ಅದೇ ಬಾಣಲೆ, ಬಿಳಿ ಡಬ್ಬ ಬಾಗಿಲಲ್ಲೇ.
ಒಂದು ತಟ್ಟೆ ಗೆಣಸು ಕೇಳಿದೆ. ದುಡ್ಡು ಮುಂದಿಟ್ಟೆ,
ಬೇಡ ಅನ್ನುತ್ತಾಳೆಂದುಕೊಂಡು.
ಎಣಿಸಿ ತೆಗೆದುಕೊಂಡಳು. ಚಿಲ್ಲರೆ ಕೊಟ್ಟಳು.

ನಾಲಿಗೆ ಸುಟ್ಟಿತು. ತಲೆಯೆತ್ತಿದೆ.
ಆ ಮಾಡಿಗೆ ಜಂತೆಗಳಿಲ್ಲ.
ಎರಡು ಟ್ಯೂಬ್‌ಲೈಟು, ಒಂದು ಮಿಣುಕುತ್ತಿತ್ತು.
ಎಣಿಸಿದೆ.