ರಫಸ್ ತೋಡಿದ ಗುಂಡಿ

ಜಾಲರಿ ಬಾಗಿಲ ಹಿಂದಿನಿಂದಲೇ ಅಂದಳು ಅರ್ವೆಲ್ಲಾ ಸ್ಟ್ಯಾಂಪರ್:
"ಈ ಮನೆ ಮುಳುಗೋದಿಲ್ಲ.
ನಿಮ್ಮ ನಕ್ಷೆಗೆ ತಲೆ ನೆಟ್ಟಗಿಲ್ಲ."

ಕೆಂಟಕಿಯ ಬೆಟ್ಟಗಳ ನಡುವೆ ಆ ಕಣಿವೆ ಎಷ್ಟು ಕಿರಿದೆಂದರೆ
ರಸ್ತೆ, ರೈಲುಹಳಿ, ತೊರೆ ಮೂರೂ
ಒಂದೇ ಚಾಪೆಯಲ್ಲಿ ಮಲಗಿದ ಮಕ್ಕಳ ಹಾಗೆ
ಒಂದನ್ನೊಂದು ಒತ್ತರಿಸಿಕೊಂಡು ಬಿದ್ದಿವೆ.
ಕಲ್ಲಿದ್ದಲ ರೈಲು ಈಗ ಬರುವುದಿಲ್ಲ.
ತೊರೆ ಬರುತ್ತದೆ.

ಯಾರೋ, ಎಲ್ಲೋ ದೂರದ ಕಚೇರಿಯಲ್ಲಿ ಕೂತು,
ಹೊಸ ನಕ್ಷೆಗೆ ತಿಳಿನೀಲಿ ಬಳಿದಿದ್ದರು.
ಆ ನೀಲಿ ಅವಳ ಅಡುಗೆಮನೆ ದಾಟಿತ್ತು,
ಚಾಪೆಯ ಅಂಚೂ ನೆನೆಯದೆ.
ಹಿಂದೆಯೇ ಬ್ಯಾಂಕಿನ ಕಾಗದ: ಪ್ರವಾಹ ವಿಮೆ ಮಾಡಿಸಿ,
ಇಲ್ಲವಾದರೆ ನಾವೇ ಮಾಡಿಸಿ ಸಾಲಕ್ಕೆ ಸೇರಿಸುತ್ತೇವೆ.
ಶಾಲೆಯ ಮಕ್ಕಳಿಗೆ ಮೂವತ್ತೊಂದು ವರ್ಷ ಬೇಯಿಸಿ ಬಡಿಸಿದ ಪಿಂಚಣಿ;
ಐದರಲ್ಲೊಂದು ಪಾಲು ಆ ನೀಲಿಗೆ.
"ಈ ದುಡ್ಡಲ್ಲಿ ಹಲ್ಲು ಕಟ್ಟಿಸ್ಕೋಬಹುದಿತ್ತು," ಅಂದಳು,
ಬಾಯಿಗೆ ಕೈ ಅಡ್ಡ ಹಿಡಿದು.

ನಾನು ಅಳೆಯುವವನು.
ಮುಕ್ಕಾಲಿ ಊರಿ ಒಂದು ಕಣ್ಣು ಮುಚ್ಚಿ ಬದುಕಿದವನು.
ನಿಯಮ ಇಷ್ಟೆ: ಗೋಡೆಗೆ ತಾಗಿದ ನೆಲದಲ್ಲಿ
ಎಲ್ಲಕ್ಕಿಂತ ತಗ್ಗಾದ ಜಾಗ ಹುಡುಕು.
ಅದು ಪ್ರವಾಹದ ಮಟ್ಟಕ್ಕಿಂತ ಕೂದಲೆಳೆ ಮೇಲಿದ್ದರೂ
ಮನೆ ನೀಲಿಯಿಂದ ಹೊರಗೆ.
ಹೊತ್ತು ತಂದು ಸುರಿದ ಮಣ್ಣು ಲೆಕ್ಕಕ್ಕಿಲ್ಲ,
ಮೊದಲಿಂದ ಇದ್ದದ್ದು ಮಾತ್ರ.

ಮುಂಬಾಗಿಲು, ಏಳು ಇಂಚು ಮೇಲೆ.
ಪುದೀನ ಹಬ್ಬಿದ ಗೋಡೆಯ ಹತ್ತಿರ ಐದು.
ಹಿಂದಿನ ಮೂಲೆ ಎರಡು.
ಅದರ ಪಕ್ಕದಲ್ಲೇ, ಗೋಡೆಗೆ ಅಂಟಿಕೊಂಡು, ಒಂದು ಗುಂಡಿ,
ಬುಟ್ಟಿಯಷ್ಟು ಅಗಲ, ಸವೆದ ಅಂಚು,
ಒಳಗೆ ಒಂದೆರಡು ಕಂದು ರೋಮ.

"ಅದು ನಮ್ಮ ರಫಸ್‌ದು. ಸೆಕೆಗೆ ಹೊಟ್ಟೆ ತಂಪು ಮಾಡ್ಕೊಳ್ಳೋಕೆ ತೋಡಿದ್ದ.
ಹೋಗಿ ಎರಡು ವರ್ಷ ಆಯ್ತು. ಮುಚ್ಚೋಕೆ ಮನಸ್ಸು ಬರಲಿಲ್ಲ."

ಗುಂಡಿಯೊಳಗೆ ಅಳತೆಕೋಲು ಇಟ್ಟೆ.
ಮೂರು ಇಂಚು ಕೆಳಗೆ.
ತೆಗೆದೆ.

ನಾಯಿ ತೋಡಿದ ಗುಂಡಿಯೂ ನೆಲವೇ?
ನಿಯಮಪುಸ್ತಕದಲ್ಲಿ ನೆಲಮಾಳಿಗೆಯಿದೆ, ಮೆಟ್ಟಿಲಿದೆ,
ಕಂಬದ ಮೇಲಿನ ಜಗಲಿಯಿದೆ. ನಾಯಿ ಇಲ್ಲ.
ಅವಳಾಗಲಿ ಏನಾದರೂ ಕೇಳಿದ್ದರೆ ಇಲ್ಲ ಅನ್ನಬಹುದಿತ್ತು.
ಕೇಳಲಿಲ್ಲ. ಒಳಗೆ ಹೋಗಿ
ನನಗೆಂದು ಮೆಕ್ಕೆಜೋಳದ ಬ್ರೆಡ್ಡು ಬಿಸಿಮಾಡತೊಡಗಿದಳು.
ಕೋಲನ್ನು ಗುಂಡಿಯ ಅಂಚಿಗೆ ಇಟ್ಟೆ.
ಒಂದೂವರೆ ಇಂಚು ಮೇಲೆ.
ಬರೆದುಕೊಂಡೆ. ಕೈ ನಡುಗಲಿಲ್ಲ;
ಅದನ್ನೂ ಬರೆದುಕೊಳ್ಳಬೇಕಿತ್ತೇನೋ.

ಎರಡು ತಿಂಗಳಿಗೆ ಉತ್ತರ ಬಂತು.
'ಈ ಕಟ್ಟಡವನ್ನು ಅಪಾಯ ವಲಯದಿಂದ ತೆಗೆಯಲಾಗಿದೆ.'
ಕಟ್ಟಡವನ್ನು ಮಾತ್ರ.
ಬಟ್ಟೆ ಹರವುವ ತಂತಿ, ಟಪಾಲು ಡಬ್ಬಿ,
ರಫಸ್‌ನನ್ನು ಹೂಳಿದ ಸೇಬಿನ ಮರದ ಬುಡ
ಎಲ್ಲ ಇನ್ನೂ ನೀಲಿಯಲ್ಲೇ.
ಸುತ್ತ ಅಷ್ಟೂ ನೀರಂತೆ, ನಡುವೆ ಮನೆ ಒಣಗಿದೆಯಂತೆ.

ಕೆಳಗಿನ ಮನೆ ಕ್ಲೀಟಸ್ ಲೆಡ್‌ಫರ್ಡ್‌ನದು, ನಾಲ್ಕಿಂಚು ಕಡಿಮೆ ಬಿತ್ತು.
ಅಲ್ಲಿ ಗುಂಡಿಯಿಲ್ಲ. ಅನುಮಾನಕ್ಕೂ ಜಾಗವಿಲ್ಲ.
"ಅವಳನ್ನ ಎತ್ತಿದ ಹಾಗೆ ನನ್ನನ್ನೂ ಒಂಚೂರು ಎತ್ತಯ್ಯ," ಅಂದ
ಪೆಟ್ರೋಲ್ ಬಂಕಿನಲ್ಲಿ. ನಗುತ್ತಲೇ ಅಂದ.

ಅವಳು ವಿಮೆ ಬಿಟ್ಟಳು. ಹಲ್ಲು ಕಟ್ಟಿಸಿಕೊಂಡಳು.
ಅಂಗಡಿಯಲ್ಲಿ ಸಿಕ್ಕಾಗ, ದೂರದಿಂದಲೇ,
ಕೈ ಅಡ್ಡವಿಲ್ಲದೆ ನಕ್ಕಳು.
ಎಷ್ಟು ಚಂದ ಇದ್ದಳು.

ಈಗ ಮಾರ್ಚ್. ರಾತ್ರಿ ಮೂರು ಗಂಟೆ, ತಗಡಿನ ಮೇಲೆ ಮಳೆ.
ಎದ್ದು ಕೂರುತ್ತೇನೆ.
ಹೆಂಡತಿ ಏನು ಅನ್ನುತ್ತಾಳೆ. ಏನಿಲ್ಲ, ಮಲಗು ಅನ್ನುತ್ತೇನೆ.
ಮೂವತ್ತು ಮೈಲಿ ಆಚೆ, ಗೋಡೆಗೆ ಒತ್ತಿಕೊಂಡು,
ಒಂದು ನಾಯಿ ಮಲಗುವಷ್ಟೇ ಜಾಗ.
ಮೊದಲು ತುಂಬುವುದು ಅದೇ.